ಉಸಿರಿಗೆ ಕಾಯುವ ಪೆಡಲ್

ಸ್ಯಾಂಪ್ಲರ್ ತಯಾರಿಸುವ ಎಂಜಿನಿಯರ್ ಅವರಿಗೆ,

ನಮಸ್ಕಾರ. ಹಿಂದೆ ಬರೆದು ಕೇಳಿದ್ದ ಪೆಡಲ್ ಇನ್ನು ಬೇಡ. 'ಸಲಹೆಗೆ ಧನ್ಯವಾದ' ಎಂಬ ಉತ್ತರವನ್ನೂ ಮತ್ತೆ ಕಳಿಸಬೇಡಿ.

ನಮ್ಮಪ್ಪ ಯತ್ತಪ್ಪ ಗಣೆ ಊದುತ್ತಿದ್ದರು. ಅದು ಉದ್ದನೆಯ ಬಿದಿರಿನ ಕೊಳಲು. ಈಗ ಅವರಿಗೆ ಮಾತಾಡಲೂ ದಮ್ಮು ಸಾಲದು. ಹಿಂದೆ ರೆಕಾರ್ಡ್ ಮಾಡಿದ್ದ ಅವರ ನಾದವನ್ನು ನಿಮ್ಮ ಸ್ಯಾಂಪ್ಲರ್ ಯಂತ್ರಕ್ಕೆ ತುಂಬಿ, ಅವ್ವ ಹಾಡುವಾಗ ನಾನು ನುಡಿಸುತ್ತೇನೆ.

ಅವ್ವ ತಾಳ ಎಣಿಸಿ ಹಾಡಿದವಳಲ್ಲ. ಉಸಿರು ಮುಗಿದಲ್ಲಿ ನಿಲ್ಲುತ್ತಿದ್ದಳು. ಅಪ್ಪ ಅವಳ ಮುಖ ನೋಡಿಕೊಂಡು ಕಾಯುತ್ತಿದ್ದರು. ನಿಮ್ಮ ಯಂತ್ರ ಒಮ್ಮೆ ಶುರುವಾದರೆ ತನ್ನ ಪಾಡಿಗೆ ಓಡುತ್ತದೆ. ನಿಲ್ಲಿಸಿದರೆ ಮತ್ತೆ ಮೊದಲಿನಿಂದಲೇ ಶುರು. ಕಾಲಲ್ಲಿ ಒತ್ತಿದರೆ ಅಲ್ಲೇ ಕಾಯುವ, ಬಿಟ್ಟರೆ ಮುಂದೆ ಸಾಗುವ ಪೆಡಲ್ ಕೊಡಿ ಎಂದಷ್ಟೇ ನಾನು ಕೇಳಿದ್ದು.

ಹಾಲ್ಕುರಿಕೆ ಊರಲ್ಲಿ ಹಾಡುವಾಗ ಅವ್ವ ಯಂತ್ರಕ್ಕಿಂತ ಹಿಂದೆ ಉಳಿದಳು. ಜನರೆದುರೇ, "ನಾನೇ ತಪ್ಪಿದ್ದು ಕಣಪ್ಪ, ನಿನ್ನ ಮಿಸನ್ನು ಸರಿಯಾಗೇ ಐತೆ" ಅಂದಳು. ಅಂದಿನಿಂದ ಕೊಬ್ಬರಿಯ ಕರಟ ಬಿಡಿಸುವಾಗಲೂ ಯಂತ್ರ ಹಾಕಿಸಿಕೊಂಡು ಅಭ್ಯಾಸ ಮಾಡಿದಳು. ಈಗ ಎಲ್ಲೂ ತಪ್ಪುವುದಿಲ್ಲ. ನಿಲ್ಲುತ್ತಿದ್ದ ಕಡೆ ನಿಲ್ಲುವುದೂ ಇಲ್ಲ.

ನಿನ್ನೆ ಅವ್ವ ಹೊರಗೆ ಹಾಡುತ್ತಿದ್ದಾಗ, ಒಳಗೆ ಮಲಗಿದ್ದ ಅಪ್ಪ ನನ್ನನ್ನು ಕರೆದು ಕೇಳಿದರು: "ಯಾರ್ಲಾ ಅದು, ಹಾಡ್ತಿರೋದು?"

ಇತಿ,
ಚಿತ್ತೇಶ್
ಹುಳಿಯಾರು