ಕಸದ ಲಾರಿ ಬಿಟ್ಟುಹೋದ ಅಮ್ಮ

ಕೋಬೆ
6 ಡಿಸೆಂಬರ್ 2020

ಅಮೂಲ್ಯಳ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಈ ಸಲ ಕೈ ಏಳಲಿಲ್ಲ. ಕ್ಷೇಮ ವಿಚಾರಿಸುವ ಮನಸ್ಸೂ ಇಲ್ಲ. ಫೋನ್ ಮಾಡಿದರೆ ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತೀರಿ. ವಿಡಿಯೋ ಕಾಲಿನಲ್ಲಿ ನಾನು ಬಾಯಿ ತೆರೆದ ಕೂಡಲೇ ನಿಮ್ಮ ನೆಟ್‌ವರ್ಕ್ ಕೈಕೊಡುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಮ್ಯೂಟ್ ಮಾಡಲು ಬರುವುದಿಲ್ಲ, ಕೂತು ಓದಿ.

ಅತ್ತೆಗೆ ಬೆಂಗಳೂರಿನ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿದೆ. ಬರುವ ಭಾನುವಾರ ಹೊರಡಬೇಕು. ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಹೋಗೋಣವೆಂದು ಜನವರಿಯಲ್ಲಿ ಬಂದವರು, ಕೊರೋನಾದಿಂದ ಇಲ್ಲೇ ಸಿಕ್ಕಿಹಾಕಿಕೊಂಡರು. ಇದು ತಪ್ಪಿದರೆ ಮುಂದಿನದು ಯಾವಾಗಲೋ ಯಾರಿಗೆ ಗೊತ್ತು. ಆದರೆ ಅತ್ತೆ ಇಲ್ಲಿ, ನಾನು ಸಂಶೋಧನೆಗೆಂದು ಇರುವ ಕೋಬೆಯ ಮನೆಯಲ್ಲಿ, ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾರೆ. ‘ಹಿಂಗೆ ಬಿಟ್ಬಿಟ್ಟು ಹೆಂಗವ್ವಾ ಹೋಗ್ಲಿ?’ ಎನ್ನುತ್ತಾರೆ. ತಟ್ಟೆಯ ಅನ್ನ ಅರ್ಧ ಹಾಗೇ ಉಳಿಯುತ್ತದೆ. ನೀವು ಎಸೆದ ಆ ದೇವರ ಕಲ್ಲಿನದೇ ಕೊರಗು.

ಆ ಕಲ್ಲು ಏನೆಂದು ಮರೆತಿದ್ದರೆ ಜ್ಞಾಪಿಸುತ್ತೇನೆ. ಮೈಸೂರಿಗೆ ಪ್ಲೇಗು ಬಂದಾಗ ನಿಮ್ಮ ಮುತ್ತಜ್ಜಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಳು. ಬಾಗಿಲಲ್ಲಿ ಒಂದು ಗುಂಡುಕಲ್ಲು ನಿಲ್ಲಿಸಿ, ಅರಿಶಿನ ಬಳಿದು, ಪ್ಲೇಗಿನಮ್ಮ ಎಂದು ಕೈಮುಗಿದಳು. ಆ ಗುಡಿಸಲಿನಿಂದ ಜೀವಂತ ಹೊರಬಂದ ಒಂದೇ ಕೂಸಿನ ವಂಶ ನಿಮ್ಮದು. ಅಂಥ ಅಮ್ಮನನ್ನು ಮನೆಯಲ್ಲಿ ಒಂಟಿಯಾಗಿ ಬಿಡಬಾರದೆಂದು ಅತ್ತೆ ಸೀರೆಯಲ್ಲಿ ಸುತ್ತಿ ತಂದರು. ಏರ್‌ಪೋರ್ಟಿನಲ್ಲಿ ಕೇಳಿದವನಿಗೆ ಮಸಾಲೆ ಅರೆಯುವ ಗುಂಡು ಎಂದರಂತೆ. ನಗೋಯಾದ ನಿಮ್ಮ ಬಾಲ್ಕನಿಯಲ್ಲಿ ಅದಕ್ಕೆ ಜಾಗವಾಯಿತು. ಬೇವಿನ ಸೊಪ್ಪು ಸಿಗಲಿಲ್ಲ, ಸೂಪರ್‌ಮಾರ್ಕೆಟಿನ ಹಾಗಲಕಾಯಿ ಇಟ್ಟರು. ಅಮ್ಮನಿಗೆ ಕಹಿ ಮುಖ್ಯ, ಯಾವ ಗಿಡದ್ದಾದರೇನು ಎಂದು ನನಗೆ ಫೋನಿನಲ್ಲಿ ಹೇಳಿ ನಕ್ಕಿದ್ದರು. ಮಂಗಳವಾರಕ್ಕೊಂದು ಹಿಡಿ ಮೊಸರನ್ನ. ಅದು ನಿಮಗೆ ಏನು ಅಡ್ಡ ಬಂತು, ಮಹೇಶ್?

ಅಡ್ಡ ಬಂದದ್ದು ಜೂಮ್‌ನಲ್ಲಿ. ಮನೆಯಿಂದ ಕೆಲಸ ಶುರುವಾದ ಮೇಲೆ ನೀವು ರಾಮಪ್ರಸಾದರ ಸತ್ಸಂಗ ಸೇರಿದಿರಿ. ಒಂದು ಶನಿವಾರ ನಿಮ್ಮ ಬೆನ್ನ ಹಿಂದೆ, ಬಾಲ್ಕನಿಯ ಗಾಜಿನಾಚೆ, ಅಮ್ಮ ಕಾಣಿಸಿದಳು. ಇದೇನ್ರೀ ಮಹೇಶ್, ಕೋಳಿ ತಿನ್ನೋ ದೇವರಾ ಎಂದು ಆ ಮನುಷ್ಯ ಕೇಳಿದ್ದಕ್ಕೆ ನಗೋಯಾದ ನಮ್ಮವರ ಸಂಸಾರಗಳೆಲ್ಲ ಕಿಸಕ್ಕನೆ ನಕ್ಕವು. ನಿಮಗೆ ಮಾನ ಹೋಯಿತು. ನಿಮ್ಮಜ್ಜಿ ಕೋಳಿ ಕುಯ್ಯುತ್ತಿದ್ದವಳು ಎನ್ನುವುದು ಅಲ್ಲಿ ಯಾರಿಗೂ ತಿಳಿಯಬಾರದಿತ್ತು! ರಕ್ತ ಕುಡಿದ ದೇವತೆ ಮನೆಯಲ್ಲಿದ್ದರೆ ಶುದ್ಧಿಯಿಲ್ಲ, ವಿಸರ್ಜಿಸಿ ಎಂದು ಅಪ್ಪಣೆಯಾಯಿತು. ನೀವು ತಲೆಯಾಡಿಸಿದಿರಿ.

ವಿಸರ್ಜನೆ ಅಂದರೆ ಹೊಳೆಯೋ ಕೆರೆಯೋ ನೋಡಬೇಕು. ನೀವು ನೋಡಿದ್ದು ಕಸದ ಕ್ಯಾಲೆಂಡರನ್ನು. ಸುಡುವ ಕಸವಲ್ಲ, ಪ್ಲಾಸ್ಟಿಕ್ ಅಲ್ಲ, ಬಾಟಲಿಯಲ್ಲ ಎಂದು ವಿಂಗಡಿಸಿ, ಸುಡದ ಕಸದ ಚೀಲಕ್ಕೆ ಕುಲದೇವತೆಯನ್ನು ಹಾಕಿದಿರಿ. ಕೈಗೆ ಗ್ಲೌಸ್ ಬೇರೆ ಹಾಕಿಕೊಂಡಿದ್ದಿರಂತೆ. ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಇಷ್ಟೆಲ್ಲ ಮುಗಿಸಿ, ಬಾಲ್ಕನಿಯಲ್ಲಿ ಕಲ್ಲಿಡೋ ಹಾಗಿಲ್ಲವಂತೆ, ಕೊರೋನಾ ರೂಲ್ಸು, ಬಿಲ್ಡಿಂಗ್ ಮ್ಯಾನೇಜರ್ ತೊಗೊಂಡು ಹೋದ್ರು ಎಂದು ಹೆತ್ತ ತಾಯಿಗೆ ಸುಳ್ಳು ಹೇಳಿದಿರಿ. ಆ ಪಾಪದ ಮ್ಯಾನೇಜರ್ ಅತ್ತೆಯನ್ನು ಕಂಡಾಗಲೆಲ್ಲ ಸೊಂಟ ಬಾಗಿಸಿ ನಮಸ್ಕಾರ ಮಾಡುತ್ತಿದ್ದವರು. ಥೂ!

ನಾನು ಕೇಳಿದಾಗ ನೀವು ಕೊಟ್ಟ ಉತ್ತರವೇ ನನ್ನನ್ನು ಇವತ್ತಿಗೂ ಉರಿಸುತ್ತಿದೆ. ಯುರೋಪಿನ ಹಳೆಯ ದೇವರುಗಳ ಕುರಿತ ನನ್ನ ಸಂಶೋಧನೆಯ ಕಥೆಯನ್ನೇ ನನ್ನ ಮುಖಕ್ಕೆ ಎಸೆದಿರಿ. ನೀನೇ ಹೇಳಿದ್ದಲ್ವಾ ಸುಪ್ರೀತಾ, ಜರ್ಮನಿಯಲ್ಲಿ ಆ ಪಾದ್ರಿ ಬೋನಿಫೇಸ್ ಗುಡುಗಿನ ದೇವರ ಓಕ್ ಮರ ಕಡಿದ, ಸಿಡಿಲು ಬೀಳುತ್ತೆ ಅಂತ ಜನ ಕಾದರು, ಏನೂ ಬೀಳಲಿಲ್ಲ, ಇಲ್ಲೂ ಏನೂ ಆಗಲಿಲ್ಲ ನೋಡು ಎಂದಿರಿ. ಹತ್ತು ವರ್ಷದಿಂದ ನಾನು ಓದಿದ್ದನ್ನು ನೀವು ಊಟದ ಮಧ್ಯೆ ಮೊಬೈಲ್ ನೋಡುತ್ತಾ ಅರ್ಧ ಕೇಳಿದ್ದೀರಿ. ಉಳಿದರ್ಧ ಈಗ ಕೇಳಿ.

ಆ ಪಾದ್ರಿ ಹಾಡಹಗಲಲ್ಲಿ, ಆ ಮರವನ್ನು ಪೂಜಿಸುವವರ ಕಣ್ಣೆದುರೇ ಕೊಡಲಿ ಎತ್ತಿದ. ಅವರು ಅವನನ್ನು ಅಲ್ಲೇ ಕಡಿದು ಹಾಕಬಹುದಿತ್ತು. ಅವನು ಮಾಡಿದ್ದು ನನಗೆ ಒಪ್ಪಿಗೆಯಿಲ್ಲ, ಆದರೆ ಅವನಿಗೆ ಎದೆಯಿತ್ತು. ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳಲಿ ಎಂದು ಅವನು ಹೊಂಚು ಹಾಕಲಿಲ್ಲ. ಕಡಿದ ಮರವನ್ನು ಕಸಕ್ಕೂ ಹಾಕಲಿಲ್ಲ, ಅದೇ ಹಲಗೆಗಳಿಂದ ಪ್ರಾರ್ಥನೆಯ ಮನೆ ಕಟ್ಟಿದ. ಅವನಿಗಿಂತ ನೂರು ವರ್ಷ ಮುಂಚೆಯೇ ಇಂಗ್ಲೆಂಡಿಗೆ ಹೋದ ಪಾದ್ರಿಗಳಿಗೆ ಪೋಪರ ಬುದ್ಧಿಮಾತು ಬಂದಿತ್ತು. ಅವರ ಗುಡಿ ಕೆಡವಬೇಡಿ, ಜನ ರೂಢಿಯ ಜಾಗಕ್ಕೇ ಬರಲಿ, ಹಬ್ಬದೂಟವೂ ಇರಲಿ, ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಮನಸ್ಸು ತಡೆಯುವುದಿಲ್ಲ ಎಂದು. ಕಿತ್ತವರೂ ಇದ್ದರು. ಜರ್ಮನಿಯ ಸ್ಯಾಕ್ಸನ್ ಜನ ಕ್ರೈಸ್ತ ದೀಕ್ಷಾಸ್ನಾನ ಬೇಡವೆಂದರೆ ಸಾವೇ ಶಿಕ್ಷೆ ಎಂದು ದೊರೆ ಷಾರ್ಲಮೇನ್ ಕಾನೂನು ಮಾಡಿದ. ಇಷ್ಟಾಗಿಯೂ ಆ ಹಳೆಯ ದೇವರುಗಳು ಸತ್ತವೇ? ನಿಮ್ಮ ಫ್ಯಾಕ್ಟರಿಯ ಶಿಫ್ಟ್ ಚಾರ್ಟಿನಲ್ಲಿ ಬುಧವಾರ, ಗುರುವಾರಗಳ ಇಂಗ್ಲಿಷ್ ಹೆಸರುಗಳಾಗಿ ಇವತ್ತಿಗೂ ಕೂತಿವೆ.

ನಿಮ್ಮ ಪ್ಲೇಗಿನಮ್ಮನೂ ಎಲ್ಲೂ ಹೋಗಿಲ್ಲ. ಹೌದು, ಸರಿಯಾಗಿಯೇ ಓದಿದಿರಿ.

ಅತ್ತೆಯನ್ನು ಕೋಬೆಗೆ ಕರೆತರಲು ಬಂದ ದಿನ ನಿಮ್ಮ ಕೆಳಗಿನ ಮನೆಯ ಹಸೆಗಾವಾ ಸಾನ್ ನನ್ನನ್ನು ತಡೆದು, ಹತ್ತು ಸಲ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ ವಿಷಯ ಹೇಳಿದರು. ನೀವು ಕಲ್ಲು ಎಸೆದ ವಾರ ಕಸದ ಕಟ್ಟೆ ನೋಡಿಕೊಳ್ಳುವ ಸರದಿ ಅವರದು. ನೀವು ಗ್ಲೌಸ್ ಹಾಕಿಕೊಂಡು ಚೀಲ ಇಟ್ಟದ್ದನ್ನು ಕಿಟಕಿಯಿಂದ ನೋಡಿದ್ದಾರೆ. ಇಲ್ಲಿ ಕಸದ ಲಾರಿಯವರು ಕಲ್ಲು ಮಣ್ಣು ಒಯ್ಯುವುದಿಲ್ಲ, ಅಷ್ಟೂ ತಿಳಿಯದೇ ಹೋಯಿತೇ ಇಂಜಿನಿಯರ್ ಸಾಹೇಬರೇ? ‘ಇದನ್ನು ಒಯ್ಯಲಾಗದು’ ಎಂಬ ಚೀಟಿ ಅಂಟಿಸಿ ಬಿಟ್ಟುಹೋದರು. ಹಸೆಗಾವಾ ಸಾನ್ ಚೀಲ ಬಿಚ್ಚಿದರೆ ಕುಂಕುಮ. ಬೆಳಿಗ್ಗೆ ಬಾಲ್ಕನಿಯಲ್ಲಿ ಅತ್ತೆ ಕೈಮುಗಿಯುವುದನ್ನು ದಿನಾ ಕಂಡವರು. ಅರಿಶಿನ ಕುಂಕುಮ ಒರೆಸದೆ ಹಾಗೇ ಎತ್ತಿಕೊಂಡು ಹೋಗಿ, ತಿರುವಿನಲ್ಲಿರುವ ಜಿಜೋ ಗುಡಿಯಲ್ಲಿ, ಮಕ್ಕಳನ್ನು ಕಾಯುವ ಆ ಪುಟ್ಟ ದೇವರ ಪಕ್ಕ ಕೂರಿಸಿದ್ದಾರೆ. ಚಳಿ ಎಂದು ಕೆಂಪು ಬಟ್ಟೆಯನ್ನೂ ಕಟ್ಟಿದ್ದಾರೆ. ಸಬ್‌ವೇಗೆ ಹೋಗುವಾಗ ನೀವು ದಿನಾ ಅವಳ ಮುಂದೆಯೇ ಹಾದುಹೋಗುತ್ತೀರಿ. ಕತ್ತೆತ್ತಿ ನೋಡಿಲ್ಲ, ಅಷ್ಟೇ.

ಅವತ್ತೇ ನಾನು ಎತ್ತಿಕೊಂಡು ಬರಬಹುದಿತ್ತು. ಬೇಕೆಂದೇ ಬಿಟ್ಟು ಬಂದೆ. ಅತ್ತೆಗೂ ಹೇಳಿಲ್ಲ. ಮ್ಯಾನೇಜರ್ ಹತ್ತಿರ ಜೋಪಾನವಾಗಿದೆ, ಕೊಡುತ್ತಾರೆ ಎಂದು ಸಮಾಧಾನ ಮಾಡುತ್ತಿದ್ದೇನೆ. ಎಸೆದ ಕೈಯೇ ಎತ್ತಬೇಕು. ಭಾನುವಾರದೊಳಗೆ ಅಮ್ಮನನ್ನು ತೆಗೆದುಕೊಂಡು ಬನ್ನಿ, ಮಾಡಿದ್ದನ್ನು ನಿಮ್ಮ ಬಾಯಿಂದಲೇ ಹೇಳಿ, ನಿಮ್ಮ ತಾಯಿಯನ್ನು ವಿಮಾನ ಹತ್ತಿಸಿ. ಬರದಿದ್ದರೆ ನಾನೇ ಹೇಳುತ್ತೇನೆ. ಆಮೇಲೆ ನನ್ನ, ಅಮೂಲ್ಯಳ ದಾರಿ ನಮಗೆ, ನಿಮ್ಮ ಶುದ್ಧಿ ನಿಮಗೆ. ಅಜ್ಜಿಯ ದೇವರನ್ನು ಡ್ಯಾಡಿ ಯಾಕೆ ಗೋಮಿ ಚೀಲಕ್ಕೆ ಹಾಕಿದರು ಎಂದು ಅವಳು ಕೇಳಿದರೆ ಕಸ ಎಂದರೇನೆಂದು ನೀವೇ ವಿವರಿಸಬೇಕಾಗುತ್ತದೆ.

ಸಿಟ್ಟು ಇಳಿಯದ,
ಸುಪ್ರೀತಾ

ತಾ.ಕ.: ಕಾಗದ ಮಡಿಸುತ್ತಿದ್ದೆ. ಅತ್ತೆ ಬಂದು, ಏನು ಬರೆದೆ ಓದು ಎಂದರು. ಸುಳ್ಳು ಓದಲು ನಾಲಿಗೆ ಹೊರಳಲಿಲ್ಲ, ಪೂರ್ತಿ ಓದಿದೆ. ಅವರಿಗೆ ಎಲ್ಲವೂ ಗೊತ್ತಂತೆ. ನಾವು ಹೊರಟ ದಿನ ತಿರುವಿನಲ್ಲಿ ಚಪ್ಪಲಿ ಸರಿಮಾಡಿಕೊಳ್ಳುತ್ತೇನೆ ಎಂದು ನಿಂತರಲ್ಲ, ಆಗಲೇ ಕಂಡರಂತೆ. ‘ನನ್ನ ಅಮ್ಮನ್ನ ನಾನು ಗುರ್ತು ಹಿಡೀದೆ ಇರ್ತೀನಾ? ಅವನಾಗೇ ಬಂದು ಹೇಳ್ತಾನೇನೋ ಅಂತ ಊರಿಗೆ ಹೋಗ್ದೆ ಕಾದೆ. ನೀನೂ ನಂಗೆ ಸುಳ್ಳೇ ಹೇಳ್ದೆ’ ಎಂದರು. ಭಾನುವಾರ ಹೊರಡುತ್ತಾರಂತೆ. ಕಲ್ಲು ತರುವುದು ಬೇಡವಂತೆ. ‘ಅವಳು ಅಲ್ಲೇ ಇರ್ಲಿ ಬಿಡು. ನಾನೂ ಹೊರಟೆ, ನೀನೂ ಇಲ್ಲಿದೀಯ. ಆ ಮುಂಡೇದು ಒಂಟಿಯಾಗ್ತಾನೆ, ಎಂಥ ಕಾಯಿಲೆ ಕಾಲ ನೋಡು. ಕಾಯಕ್ಕೆ ಯಾರಾದ್ರೂ ಬೇಡ್ವಾ?’ ಎಂದು, ಮಂಗಳವಾರದ ಮೊಸರನ್ನ ಮರೆಯಬೇಡ ಎಂದು ನಿಮಗೆ ತಿಳಿಸಲು ಹೇಳಿದ್ದಾರೆ.