ತಾಯಿಯ ಉದ್ಯೋಗ

ಅಮ್ಮ,

ಇವತ್ತು ಬೆಳಿಗ್ಗೆ ನಿನ್ನ ಬಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕುವಾಗ, ಮುಚ್ಚಳದ ಒಳಗೆ ನಿನ್ನ ಹೆಬ್ಬೆರಳಿನ ನೀಲಿ ಗುರುತು ಕಂಡಿತು. ನೀನು ತೀರಿಕೊಂಡು ಮೂರು ವರ್ಷವಾದರೂ ಅದು ಅಳಿಸಿಲ್ಲ.

ಎಡಪ್ಪಳ್ಳಿಯಲ್ಲಿ ಮೆಟ್ರೋ ಹತ್ತಿ ಕಾಲೇಜಿಗೆ ಹೋದೆ. ಕೆಲಸ ಬಿಟ್ಟು ಸೇರಿದ ಚಿತ್ರಕಲೆಯ ಮೊದಲ ತರಗತಿ. ನಾನು ಬಾಗಿಲಲ್ಲಿ ಕಂಡದ್ದೇ ತಡ, ಹದಿನೆಂಟರ ಮಕ್ಕಳೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮಿಸ್" ಎಂದರು. ನಾನೂ ಸ್ಟೂಡೆಂಟೇ ಎಂದು ಹೇಳುವಷ್ಟರಲ್ಲಿ ಬೆವತುಹೋದೆ.

"ಏನು ಚೇಚಿ, ಸುಮ್ಮನೆ ಎಬ್ಬಿಸಿದ್ರಲ್ಲ!" ಎಂದು ಒಬ್ಬಳು ನನ್ನನ್ನು ಅಕ್ಕನೆಂದು ಕರೆದು ಮಲಯಾಳದಲ್ಲಿ ಗೊಣಗಿ, ಸರಿದು ಜಾಗ ಕೊಟ್ಟಳು.

ತಿರುವನಂತಪುರದಲ್ಲಿ ನಿನಗೂ ಹೀಗೇ ಆಗಿತ್ತು. ನಾನು ಸಾಹಿತ್ಯ ಓದುತ್ತಿದ್ದ ಕಾಲೇಜಿಗೇ ನೀನು ನಲವತ್ತಾರರಲ್ಲಿ ಚಿತ್ರಕಲೆಗೆ ಸೇರಿದೆ. ಮೊದಲ ದಿನ ಚಾಲೈ ಪೇಟೆಯಿಂದ ಕುಂಚ ಕೊಂಡು ಮನೆಗೆ ಬಂದು, "ಎಲ್ಲರೂ ಎದ್ದು ನಿಂತುಬಿಟ್ಟರು ಕಣೇ!" ಎಂದು ನಕ್ಕೆ. ನಾನು ಪುಸ್ತಕದಿಂದ ತಲೆ ಎತ್ತದೆ, "ನೀನು ನನ್ನಮ್ಮ ಅಂತ ಅಲ್ಲಿ ಯಾರಿಗೂ ಹೇಳಬೇಡ" ಎಂದೆ.

ನೀನು ಹೇಳಲಿಲ್ಲ. ಕಾರಿಡಾರಿನಲ್ಲಿ ನಾನು ಗೆಳತಿಯರೊಂದಿಗೆ ಎದುರಾದರೆ, ನೀನು ಗೋಡೆಯ ನೋಟಿಸು ಓದುತ್ತಾ ನಿಲ್ಲುತ್ತಿದ್ದೆ. ಎರಡನೇ ಸೆಮಿಸ್ಟರಿಗೆ ಬರಲೇ ಇಲ್ಲ. ಮೊಣಕಾಲು ನೋವು ಎಂದು ಅಪ್ಪನಿಗೆ ಹೇಳಿದ್ದೆಯಂತೆ. ನಾನು ಕೇಳಲಿಲ್ಲ.

ಇವತ್ತು ಕಚೇರಿಯಲ್ಲಿ ಫಾರಂ ಕೊಟ್ಟರು. 'ತಾಯಿಯ ಉದ್ಯೋಗ' ಎಂಬಲ್ಲಿ ನಾನು ಯಾವಾಗಲೂ 'ಗೃಹಿಣಿ' ಎಂದೇ ತುಂಬುತ್ತಿದ್ದೆ, ನೀನು ಕಾಲೇಜಿಗೆ ಬರುತ್ತಿದ್ದ ಆ ವರ್ಷವೂ. ಈ ಸಲ ಅದೊಂದನ್ನು ಖಾಲಿ ಬಿಟ್ಟು ಮನೆಗೆ ತಂದಿದ್ದೇನೆ.

'ಚಿತ್ರಕಲೆ ವಿದ್ಯಾರ್ಥಿನಿ' ಎಂದು ಬರೆದು ನಾಳೆ ಕೊಡುತ್ತೇನೆ.