ತು ಬೋಹಾನ್‌ಗೆ ಬಿದ್ದ ಅರವತ್ತೊಂದು ಮತ

ತೈಪೆ
ನವೆಂಬರ್ ೧೮

ಪ್ರೀತಿಯ ಪೀಯುನ್ ಅಕ್ಕನಿಗೆ,

ಭಾನುವಾರ ಫೋನಿನಲ್ಲಿ ನನ್ನ ದನಿ ಯಾಕೋ ಸರಿಯಿಲ್ಲ ಎಂದೆಯಲ್ಲ, ಶೀತ ಎಂದು ನಾನು ಸುಳ್ಳು ಹೇಳಿದೆ. ಬಾಯಲ್ಲಿ ಹೇಳಲಾಗದ್ದನ್ನು ಕಾಗದದಲ್ಲಾದರೂ ಹೇಳಿಯೇನು ಎಂದು ಈಗ ಕೂತಿದ್ದೇನೆ. ಭಾವನಿಗೆ ಓದಿ ಹೇಳಬೇಡ.

ನಮ್ಮ ಇಂಟರ್ನೆಟ್ ಬಳಕೆದಾರರ ಸಂಘ ನಿನಗೆ ಗೊತ್ತೇ ಇದೆ. ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಜಗಳವಾಡುವವರನ್ನು ಎಲ್ಲೂ ಕಂಡಿಲ್ಲ ಎಂದು ನಗುತ್ತಿರುತ್ತೀಯ. ಜಾಲಕ್ಕೆ ಸೇರುವ ಪ್ರತಿ ಯಂತ್ರಕ್ಕೂ ಬೇಕಾದ ವಿಳಾಸ ಸಂಖ್ಯೆಗಳನ್ನು ಯಾರಿಗೆ ಎಷ್ಟು ಹಂಚಬೇಕೆಂದು ತೀರ್ಮಾನಿಸುವ ಮಂಡಳಿಯೊಂದಿದೆ. ಎರಡು ವರ್ಷಕ್ಕೊಮ್ಮೆ ಅದಕ್ಕೆ ನಾವು ಒಬ್ಬ ಸ್ವಯಂಸೇವಕ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತೇವೆ. ಈ ಸಲ ಇಬ್ಬರು ನಿಂತಿದ್ದರು: ತೈಚುಂಗಿನ ಉಪನ್ಯಾಸಕಿ ಯಾನ್, ಕೀಲುಂಗಿನ ತು ಬೋಹಾನ್.

ಬೋಹಾನ್‌ನನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಹನ್ನೊಂದು ವರ್ಷದಿಂದ ಸಂಘದ ಮೇಲ್ ಚರ್ಚೆಯಲ್ಲಿ ಅವನಷ್ಟು ತಿಳಿದು ಬರೆದವರಿಲ್ಲ. ಸಣ್ಣ ದ್ವೀಪಗಳ ಶಾಲೆ, ಆಸ್ಪತ್ರೆಗಳ ಪಾಲಿನ ವಿಳಾಸಗಳನ್ನು ದೊಡ್ಡ ಕಂಪನಿಗಳು ಬಾಚಿಕೊಳ್ಳಲು ನೋಡಿದಾಗ ಅದನ್ನು ತಡೆದದ್ದು ಅವನ ಒಂದೇ ಒಂದು ಪತ್ರ. ಸಭೆಗೆ ಕರೆದರೆ ಮಾತ್ರ ಮೈ ಸರಿಯಿಲ್ಲ ಎನ್ನುತ್ತಿದ್ದ. ಅವನಿಗೆ ಅರವತ್ತೊಂದು ಮತ ಬಿತ್ತು, ಯಾನ್‌ಗೆ ಮೂವತ್ತೆಂಟು.

ಗೆದ್ದವರನ್ನು ಚುನಾವಣಾ ಸಮಿತಿಯ ಒಬ್ಬರು ಮುಖತಃ ಕಂಡು, ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು ಬರಬೇಕೆಂಬುದು ಈ ವರ್ಷದ ಹೊಸ ನಿಯಮ. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಬರುತ್ತೇನೆಂದು ಅವನಿಗೆ ಮೇಲ್ ಮಾಡಿದಾಗ, ಬನ್ನಿ, ಅಮ್ಮ ಮನೆಯಲ್ಲಿರುತ್ತಾರೆ ಎಂದಷ್ಟೇ ಉತ್ತರ ಬಂತು. ನೀನು ಕೊಟ್ಟ ಹಸಿರು ಕೋಟು ಹಾಕಿಕೊಂಡು ಹೋದೆ.

ಕೀಲುಂಗಿನಲ್ಲಿ ಎಂದಿನಂತೆ ಜಿಟಿಜಿಟಿ ಮಳೆ. ಮನೆ ಬಂದರಿನ ಮೇಲಿನ ಗುಡ್ಡದಲ್ಲಿತ್ತು. ಮೆಟ್ಟಿಲ ಬುಡದಲ್ಲಿ ಮೀನುಂಡೆ ಸಾರು ಮಾರುತ್ತಿದ್ದ ಹೆಂಗಸನ್ನು ದಾರಿ ಕೇಳಿದೆ. ಅವಳು ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ತು ಅವರ ಮನೆಗಾ? ಅಮ್ಮನ್ನ ನೋಡೋಕಾ, ಮಗನ್ನ ನೋಡೋಕಾ?”

ಮಗನನ್ನು ಎಂದೆ. ಅವಳು ಪಾತ್ರೆಗೆ ಮುಚ್ಚಳ ಹಾಕಿ, ಗುಡ್ಡದ ಕಡೆ ಬೆರಳು ತೋರಿಸಿ, ಮುಖ ತಿರುಗಿಸಿಕೊಂಡಳು.

ಬಾಗಿಲು ತೆರೆದವರು ಅವನ ತಾಯಿ, ಎಂಬತ್ತರ ಹತ್ತಿರದವರು. ಬಂದರಿನಲ್ಲಿ ಮೀನು ಆರಿಸುವ ಕೆಲಸ ಮಾಡಿದವರಂತೆ. ಒದ್ದೆ ಕೋಟು ಬಿಡಿಸಿ, ಕಾಲಿಗೆ ಮನೆಯೊಳಗಿನ ಚಪ್ಪಲಿ ಕೊಟ್ಟು, ನೀವು ಬರುವ ವಿಷಯ ಹೇಳಿದ್ದ ಎಂದು ಒಳಕೋಣೆಗೆ ಕರೆದೊಯ್ದರು. ಕಂಪ್ಯೂಟರ್ ಚಾಲೂ ಇತ್ತು. ಕುರ್ಚಿ ಖಾಲಿ. ಪಕ್ಕದ ಪೀಠದ ಮೇಲೆ ಊದುಬತ್ತಿ, ನಾಲ್ಕು ಕಿತ್ತಳೆ ಹಣ್ಣು, ಮೂವತ್ತರ ಆಸುಪಾಸಿನ ಒಬ್ಬನ ಫೋಟೊ. ಅದರ ಕೆಳಗೆ ಅವನು ತೀರಿಕೊಂಡ ದಿನ. ಒಂಬತ್ತು ವರ್ಷವಾಗಿತ್ತು, ಅಕ್ಕ.

ಹಾಗಾದರೆ ಪತ್ರ ಬರೆಯುತ್ತಿರುವುದು ಯಾರು ಎಂದು ಹೇಗೋ ಕೇಳಿದೆ. ಅವರ ಮುಖದಲ್ಲಿ ತಪ್ಪು ಮಾಡಿದ ಅಳುಕೇ ಇರಲಿಲ್ಲ.

“ಒತ್ತೋದು ನಾನು, ತಾಯಿ. ಹೇಳೋದು ಅವನು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟೋಳಿಗೆ ಅದೆಲ್ಲ ಏನು ಗೊತ್ತು? ಬೆರಳು ಎಲ್ಲಿಗೆ ಹೋಗುತ್ತೋ ಅಲ್ಲಿ ಒತ್ತುತೀನಿ.”

ಕೂತು ತೋರಿಸಿದರು. ಉಪ್ಪು, ಐಸಿಗೆ ಒಡೆದ ಕೈಗಳು. ಕಣ್ಣು ಪರದೆಯ ಮೇಲಿರಲಿಲ್ಲ, ಫೋಟೊದ ಮೇಲಿತ್ತು. ಹಿಂದಿನ ದಿನವಷ್ಟೇ ಮಂಡಳಿ ಕಳಿಸಿದ್ದ ಹೊಸ ನಿಯಮಗಳ ಕರಡಿನ ಮೂರನೇ ಕಲಮಿನಲ್ಲಿ ಒಂದು ತಪ್ಪಿದೆ ಎಂದು ಪರದೆಯಲ್ಲಿ ಸಾಲು ಮೂಡಿತು. ಆ ತಪ್ಪು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹೆಗಲ ಹಿಂದೆ ಯಾರೋ ನಿಂತು ನನ್ನೊಡನೆ ಓದುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ತೀರಿಹೋದವರಿಗೆ ಆ ಸ್ಥಾನ ಕೊಡಲಾಗದು ಎಂದು ಸಮಾಧಾನವಾಗಿಯೇ ಹೇಳಿದೆ. ಅದನ್ನು ನನಗಲ್ಲ, ಅವನಿಗೆ ಹೇಳಿ ಎಂದು ಆ ತಾಯಿ ನನ್ನ ಕೈಗೆ ಅರ್ಧಚಂದ್ರಾಕಾರದ ಎರಡು ಕೆಂಪು ಮರದ ತುಂಡು ಇಟ್ಟರು, ನೀನು ಗುಡಿಯಲ್ಲಿ ಹಾಕಿ ದೇವರನ್ನು ಕೇಳುತ್ತೀಯಲ್ಲ, ಅಂಥವೇ. ಒಂದು ಅಂಗಾತ ಒಂದು ಕವುಚಿ ಬಿದ್ದರೆ ಹೌದು, ಎರಡೂ ಕವುಚಿದರೆ ಇಲ್ಲ. ನಿನ್ನ ಸ್ಥಾನ ಬಿಟ್ಟುಕೊಡುತ್ತೀಯಾ ಎಂದು ಕೇಳಿ ಹಾಕಿದೆ. ಎರಡೂ ಕವುಚಿ ಬಿದ್ದವು. ಮತ್ತೆ ಹಾಕಿದೆ, ಮತ್ತೆ ಹಾಗೆಯೇ. ಮೂರನೇ ಸಲ ನಾನು ಏನೆಂದು ಬೇಡಿಕೊಂಡೆನೋ ಅದನ್ನು ಇಲ್ಲಿ ಬರೆಯಲಾರೆ. ಒಂದು ತುಂಡು ಕವುಚಿ ಬಿತ್ತು. ಇನ್ನೊಂದು ಅಂಚಿನ ಮೇಲೆ ನೆಟ್ಟಗೆ ನಿಂತುಬಿಟ್ಟಿತು. ಎಷ್ಟೋ ಹೊತ್ತಿನ ಮೇಲೆ ಯಾರೋ ಕೈಯಿಂದ ಮಲಗಿಸಿದ ಹಾಗೆ, ಸದ್ದಿಲ್ಲದೆ, ಅಂಗಾತವಾಯಿತು.

ಆಗ ಆ ತಾಯಿಯ ಕಣ್ಣಲ್ಲಿ ನೀರು ಬಂತು.

“ನಿಮ್ಮ ಮಾತು ಕೇಳ್ದ. ನನ್ನ ಮಾತು ಒಂದಿನಾನೂ ಕೇಳ್ದೋನಲ್ಲ.”

ಶ್ರೀ ತು ಅವರು ಸ್ವಂತ ಕಾರಣಗಳಿಂದ ಹಿಂದೆ ಸರಿದಿದ್ದಾರೆ ಎಂದು ಸಮಿತಿಗೆ ವರದಿ ಕೊಟ್ಟೆ. ಮನುಷ್ಯ ಹೇಗಿದ್ದಾರೆ ಎಂದು ಅಧ್ಯಕ್ಷರು ಕುತೂಹಲದಿಂದ ಕೇಳಿದರು. ಸಭ್ಯರು, ಮಾತು ಕಮ್ಮಿ ಎಂದೆ. ಮತ ಹಾಕಿದ ತೊಂಬತ್ತೊಂಬತ್ತು ಜನಕ್ಕೂ ನಾನು ಸುಳ್ಳು ಹೇಳಿದ್ದೇನೆ. ನಿಜ ಬರೆಯಲು ಕೂತಾಗಲೆಲ್ಲ ಕ್ಯಾಮೆರಾ ಹಿಡಿದವರು ಆ ಮೆಟ್ಟಿಲು ಹತ್ತುವುದು ಕಣ್ಣಿಗೆ ಕಟ್ಟಿ ಕೈ ಓಡಲಿಲ್ಲ. ಈಗ ಯಾನ್ ಪ್ರತಿನಿಧಿ. ಒಳ್ಳೆಯ ಹುಡುಗಿ, ಕಷ್ಟಪಟ್ಟು ಓದುತ್ತಾಳೆ. ಮೂರನೇ ಕಲಮಿನ ತಪ್ಪನ್ನು ಅವಳಿಗೆ ಕಳಿಸಿದೆ, ಮಂಡಳಿ ತಿದ್ದಿತು. ಅವಳು ಹೇಳಿದ ಧನ್ಯವಾದವನ್ನು ನಾನೇ ಇಟ್ಟುಕೊಂಡೆ.

ಈಗ ನಾನು ಆರಾಮವಾಗಿದ್ದೇನೆ. ಚಿಂತೆ ಮಾಡಬೇಡ.

ನಿನ್ನ ತಂಗಿ,
ರುಯಿಜನ್

ತಾ.ಕ.: ಮೊನ್ನೆ ಶನಿವಾರ ಮತ್ತೆ ಕೀಲುಂಗಿಗೆ ಹೋಗಿದ್ದೆ. ಚಳಿಗೆ ಅವನ ಅಮ್ಮನ ಬೆರಳ ಗೆಣ್ಣುಗಳು ಬಾತುಕೊಂಡಿವೆ; ಇವತ್ತು ನೀವೇ ಕೂತುಕೊಳ್ಳಿ ಎಂದರು. ಕೂತು ಕಣ್ಣು ಮುಚ್ಚಿದೆ. ತೆರೆದಾಗ ಪರದೆಯ ತುಂಬ ಅಕ್ಷರ. ಎರಡು ವರ್ಷದ ಹಿಂದೆ ಅವನಿಗೆಂದು ಒಂದು ಕಾಗದ ಬರೆದು, ನಾಚಿಕೆಯಾಗಿ, ಕಳಿಸದೆ ಹರಿದು ಹಾಕಿದ್ದೆ. ಅದಕ್ಕೆ ಉತ್ತರ, ಸಾಲಿಗೆ ಸಾಲು. ಇನ್ನು ಮೇಲೆ ಶನಿವಾರ ಫೋನ್ ಮಾಡಬೇಡ ಅಕ್ಕ, ನಾನು ಮನೆಯಲ್ಲಿರುವುದಿಲ್ಲ.